ಕ್ರಿಸ್‌ಮಸ್ ಟಪಾಲು ವಿಂಗಡಣೆ ಕೆಲಸ: ಅರ್ಜಿ ಹಾಕುವವರಿಗೆ

ಎಲ್ಲರಿಗೂ ನಮಸ್ಕಾರ,

ಬ್ರಿಟನ್ನಿನಲ್ಲಿ ಓದುತ್ತಿರುವ ನಮ್ಮ ಗುಂಪಿನ ಕೆಲವರು ಅಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್‌ನ ಹಬ್ಬದ ಸೀಸನ್ ಕೆಲಸದ ಬಗ್ಗೆ ಕೇಳಿದ್ದೀರಿ. ಡಿಸೆಂಬರ್‌ವರೆಗೆ ಕಾಯಬೇಡಿ. ಒಳ್ಳೆಯ ಶಿಫ್ಟ್‌ಗಳು ಬೇಗ ಖಾಲಿಯಾಗುತ್ತವೆ.

ಅರ್ಜಿ ಆನ್‌ಲೈನ್‌ನಲ್ಲೇ, ಅವರ ಸ್ವಂತ ವೆಬ್‌ಸೈಟ್‌ನಲ್ಲಿ. ಪಾಸ್‌ಪೋರ್ಟ್, ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ತೆರಿಗೆ, ವಿಮೆ ಲೆಕ್ಕಕ್ಕೆ ಸರ್ಕಾರ ಕೊಡುವ ಸಂಖ್ಯೆ), ಬ್ಯಾಂಕ್ ವಿವರ ಕೈಯಲ್ಲಿರಲಿ. ವೀಸಾದವರು ಸರ್ಕಾರಿ ವೆಬ್‌ಸೈಟ್‌ನಿಂದ ಶೇರ್ ಕೋಡ್ (ಕೆಲಸ ಮಾಡಲು ಅನುಮತಿ ಇದೆ ಎಂದು ತೋರಿಸುವ ಕೋಡ್) ತೆಗೆದಿಟ್ಟುಕೊಳ್ಳಿ. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅದು ಮೋಸ. ಇಲ್ಲಿ ಏಜೆನ್ಸಿಗಳು ಹಾಗೆ ಕೇಳುವುದೇ ಕಾನೂನುಬಾಹಿರ.

ಮುಖ್ಯ ವಿಷಯ ಗಂಟೆಗಳದ್ದು. ಸ್ಟೂಡೆಂಟ್ ವೀಸಾದಲ್ಲಿ ಪದವಿ, ಮಾಸ್ಟರ್ಸ್ ಓದುವವರಿಗೆ ಸಾಮಾನ್ಯವಾಗಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ. ಸೋಮವಾರದಿಂದ ಭಾನುವಾರದವರೆಗೆ, ಎಲ್ಲ ಕೆಲಸಗಳೂ ಸೇರಿ! ಈಗಾಗಲೇ ಅಂಗಡಿಯಲ್ಲಿ 12 ಗಂಟೆ ಮಾಡುತ್ತಿದ್ದರೆ ಇಲ್ಲಿ ಉಳಿಯುವುದು 8 ಮಾತ್ರ. 'ಒಂದು ವಾರ ತಾನೇ' ಅಂತ ಮೀರಿದರೆ ವೀಸಾಕ್ಕೇ ಕುತ್ತು. ರಜೆಯಲ್ಲಿ ಜಾಸ್ತಿ ಮಾಡಬಹುದು, ಆದರೆ ಯೂನಿವರ್ಸಿಟಿಯ ಟರ್ಮ್ ದಿನಾಂಕಗಳ ದಾಖಲೆ ತೋರಿಸಬೇಕು.

ಕೆಲಸ ಕಷ್ಟವೇನಲ್ಲ, ಆದರೆ ಶಿಫ್ಟ್‌ನ ಬಹುಪಾಲು ನಿಂತೇ ಇರಬೇಕು. ರಾತ್ರಿ ಪಾಳಿಯೂ ಇರುತ್ತದೆ, ವಾಪಸ್ ಬರಲು ಬಸ್ ಇದೆಯೇ ಮೊದಲೇ ನೋಡಿ. ಪೋಸ್ಟ್‌ಕೋಡ್‌ನ ಮೊದಲ ಅಕ್ಷರಗಳ ಮೇಲೆ ಕಣ್ಣಿರಲಿ: ಎಲ್‌ಎಸ್ ಅಂದರೆ ಲೀಡ್ಸ್, ಎಲ್‌ಇ ಅಂದರೆ ಲೆಸ್ಟರ್. ನಿದ್ದೆಗಣ್ಣಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ?

ಅರ್ಜಿ ಹಾಕುವವರು ಊರು ಮತ್ತು ಬೇಕಾದ ಶಿಫ್ಟ್ ಇಲ್ಲಿ ಬರೆಯಿರಿ, ಜೊತೆಯಾಗಿ ಹೋಗಿಬರಬಹುದು. ಶೇರ್ ಕೋಡ್, ಪಾಸ್‌ಪೋರ್ಟ್ ಫೋಟೋ ಮಾತ್ರ ದಯವಿಟ್ಟು ಗುಂಪಿಗೆ ಹಾಕಬೇಡಿ.