ತೊಟ್ಟಿಲು ಕಿಟಕಿಯಿಂದ ದೂರ ಇರಲಿ

ಉಡುಪಿ

ಪ್ರೀತಿಯ ಸೌಮ್ಯಾ,

ದೊಡ್ಡಪ್ಪನ ಆಶೀರ್ವಾದ. ಕದ್ರಿಯ ಹೊಸ ಮನೆಯ ವಿಷಯವೆಲ್ಲ ನಿನ್ನ ಅಮ್ಮ ಹೇಳಿದ್ದಾಳೆ. ನೀನು ಕಡೆಯಲ್ಲಿ ಬರೆದ ಒಂದು ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಅಣುಬಾಂಬು ಎಲ್ಲೋ ದೂರ ಬಿದ್ದರೂ ಕಿಟಕಿಯ ಗಾಜು ಹಾರಿ ಮಗುವಿಗೆ ಬಡಿಯುತ್ತದಾ, ಮೊದಲೇ ಲೆಕ್ಕ ಹಾಕಬಹುದಾ ಅಂತ ಕೇಳಿದ್ದೀಯಲ್ಲ.

ಲೆಕ್ಕ ಹಾಕಿದ್ದಾರೆ ಮಾರಾಯ್ತಿ. 1955ರಲ್ಲಿ ಅಮೆರಿಕದವರು ನೆವಾಡಾದ ಮರುಭೂಮಿಯಲ್ಲಿ ಮನೆಗಳನ್ನೇ ಕಟ್ಟಿ, ಬಾಂಬು ಸಿಡಿಸಿ ನೋಡಿದರು. ಕಿಟಕಿಗೆ ಎದುರಾಗಿ ಒಳಗೆ ಥರ್ಮಾಕೋಲಿನಂಥ ಹಲಗೆ ನಿಲ್ಲಿಸಿದ್ದರು. ಚೂರು ಎಷ್ಟು ಆಳ ನಾಟಿದೆ ಎಂದು ಅಳೆದು, ಅದು ಬಂದ ವೇಗ ಕಂಡುಕೊಂಡರು. ಚೂರಿನ ತೂಕ, ಅಗಲ, ಗಾಳಿಯ ಜೋರು, ಅದು ಎಷ್ಟು ಹೊತ್ತು ನೂಕುತ್ತದೆ, ಇಷ್ಟು ಗೊತ್ತಿದ್ದರೆ ವೇಗ ಮೊದಲೇ ಅಂದಾಜು ಮಾಡಬಹುದು. ಬಾಂಬು ದೊಡ್ಡದಾದಷ್ಟೂ ಗಾಳಿ ಜಾಸ್ತಿ ಹೊತ್ತು ನೂಕುತ್ತದೆ.

ಆದರೆ ನಿನ್ನ ಮಗುವಿಗೆ ಬಡಿಯುತ್ತದಾ ಅನ್ನುವುದನ್ನು ಆ ಲೆಕ್ಕ ಹೇಳಲಾರದು. ಮುಂಬೈಯಲ್ಲಿ ನಾನು ವಿಮೆ ಆಫೀಸಿನಲ್ಲಿದ್ದವನು. ಸಾವಿರ ಜನರಲ್ಲಿ ವರ್ಷಕ್ಕೆ ಎಷ್ಟು ಮಂದಿ ಹೋಗುತ್ತಾರೆ ಎಂದು ಪಟ್ಟಿಯಲ್ಲಿ ಇರುತ್ತಿತ್ತು. ಯಾರು ಎಂದು ಇರುತ್ತಿರಲಿಲ್ಲ.

1971ರ ಡಿಸೆಂಬರಿನ ಪಾಕಿಸ್ತಾನದ ಯುದ್ಧ ನೆನಪಾಗುತ್ತದೆ. ಬ್ಲ್ಯಾಕ್‌ಔಟ್. ಕಿಟಕಿಗೆಲ್ಲ ಕಾಗದ ಅಂಟಿಸಿ, ಸೈರನ್ ಕೂಗಿದಾಗ ಚಾಳಿನ ಮೆಟ್ಟಿಲ ಕೆಳಗೆ ಕೂರುತ್ತಿದ್ದೆವು. ಊರಿಗೆ ಬಾ ಅಂತ ಅಮ್ಮ ಬರೆಸಿದ್ದಳು. ರಜೆ ಸಿಗಲಿಲ್ಲ. ರಾತ್ರಿಯೆಲ್ಲ ಚಾವಡಿಯಲ್ಲೇ ಕೂತಿರುತ್ತಿದ್ದಳು ಎಂದು ಆಮೇಲೆ ಬೇರೆಯವರು ಹೇಳಿದರು. ಇರಲಿ. ಸುಮ್ನೆ ಹೆದರಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮತ್ತೆ ಆ ಗಾಜಿಗೇ ಬರುತ್ತೇನೆ ನೋಡು. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಹತ್ತಿರ ಆಕಾಶದಲ್ಲಿ ಉಲ್ಕೆ ಸಿಡಿಯಿತು. ಅದು ಬಾಂಬಲ್ಲ, ಆದರೆ ಗಾಳಿಯ ಹೊಡೆತ ಅದೇ ತರಹದ್ದು. ಬೆಳಕು ಕಂಡು ಜನ ಕಿಟಕಿಗೆ ಬಂದರು. ಒಂದೆರಡು ನಿಮಿಷ ಬಿಟ್ಟು ಹೊಡೆತ ಬಂತು. ಸುಮಾರು 1,500 ಜನರಿಗೆ ಗಾಯ, ಹೆಚ್ಚಿನವರಿಗೆ ಗಾಜಿನಿಂದಲೇ. ಬೆಳಕು ತಕ್ಷಣ ಕಾಣುತ್ತದೆ, ಹೊಡೆತಕ್ಕೆ ಕಿಲೋಮೀಟರಿಗೆ ಹೆಚ್ಚು ಕಡಿಮೆ ಮೂರು ಸೆಕೆಂಡು ಬೇಕು. ನೀನು ಹೇಳುವ ಆ ದೂರದಲ್ಲಿ ಸ್ವಲ್ಪ ಹೊತ್ತು ಸಿಗುತ್ತದೆ ಅಂತಾಯಿತು, ಅಲ್ವಾ?

ನಾನೇನು ದೊಡ್ಡ ತಿಳಿದವನಲ್ಲ. ಅಂಥ ಬೆಳಕು ಕಂಡರೆ ಕಿಟಕಿಗೆ ಮಾತ್ರ ಹೋಗಬೇಡ, ಮಗುವನ್ನು ಎತ್ತಿಕೊಂಡು ಒಳಗೋಡೆಯ ಬುಡದಲ್ಲಿ ಮಲಗಿಬಿಡು. ದಪ್ಪ ಪರದೆ ಹಾಕಿದರೆ ಕೆಲವು ಚೂರು ಅದರಲ್ಲೇ ನಿಂತಾವು, ಎಲ್ಲ ಅಲ್ಲ. ತೊಟ್ಟಿಲಿನ ಕೊಕ್ಕೆಯನ್ನು ನಡುಕೋಣೆಗೆ ಬದಲಿಸಿದರೆ ಒಳ್ಳೆಯದಿತ್ತು. ಬಾಂಬಿನ ಮಾತು ಬಿಡು, ಆಟಿ ತಿಂಗಳ ಗಾಳಿಮಳೆಗೂ ಅಷ್ಟು ದೊಡ್ಡ ಗಾಜಿನ ಪಕ್ಕ ಕೂಸು ಬೇಡ. ತೂತು ಕೊರೆಯಲು ಮನೆ ಮಾಲೀಕರು ಒಪ್ಪದಿದ್ದರೆ ಹೇಳು, ನಾನೇ ಫೋನು ಮಾಡುತ್ತೇನೆ.

ಇಂತಿ,
ದೊಡ್ಡಪ್ಪ