ಗ್ರೀನ್ ಬೇ ತಂಡಕ್ಕೆ ಚಿಕ್ಕಮಗಳೂರಿನ ಆಯ್ಕೆ ಪಟ್ಟಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳನ್ನು ಕುರಿತು ಪ್ರಕಟವಾದ ಲಘು ಬರಹದಲ್ಲಿ, ಚಿಕ್ಕಮಗಳೂರಿನಲ್ಲಿ ಕುಳಿತು ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಆಟಗಾರರನ್ನು ಆರಿಸುವ ನಮ್ಮಂಥ ಕೆಲವರ ಪ್ರಸ್ತಾಪವೂ ಇತ್ತು. 2025ರ ಏಪ್ರಿಲ್‌ಗೆ ಮುಂಚೆ ನಾವು ಸಿದ್ಧಪಡಿಸಿದ್ದ ಮಾಕ್ ಡ್ರಾಫ್ಟ್‌ನ, ಅಂದರೆ ಅಂದಾಜು ಆಯ್ಕೆ ಪಟ್ಟಿಯ, ಒಂದು ಹೆಸರೂ ತಂಡದ ನಿಜವಾದ ಆಯ್ಕೆಯೊಂದಿಗೆ ಕೂಡಿಬರಲಿಲ್ಲವೆಂದೂ, ಆದ್ದರಿಂದ ಇದು ಗಿಳಿಶಾಸ್ತ್ರಕ್ಕಿಂತ ಹೆಚ್ಚಿನದೇನಲ್ಲವೆಂದೂ ಲೇಖಕರು ತೀರ್ಪು ಕೊಟ್ಟಿದ್ದಾರೆ. ತಮಾಷೆಗೆ ನಮ್ಮ ತಕರಾರಿಲ್ಲ. ಆದರೆ ಇಂಥ ಪಟ್ಟಿಯನ್ನು ಹೆಸರು ಹೊಂದಿತೇ ಇಲ್ಲವೇ ಎಂಬ ಒಂದೇ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ. ತಂಡಕ್ಕೆ ಏನು ಕೊರತೆಯಿದೆ, ಅದನ್ನು ಯಾವ ಸರದಿಯಲ್ಲಿ ತುಂಬಿಕೊಳ್ಳಬಹುದು ಎಂಬುದನ್ನು ಪಟ್ಟಿ ಮಾಡಿದವರು ಸರಿಯಾಗಿ ಓದಿದ್ದರೇ ಎಂದು ನೋಡಬೇಕು. ಇದನ್ನು ತುಸು ವಿವರವಾಗಿಯೇ ಹೇಳಲು ಅವಕಾಶ ಕೋರುತ್ತೇನೆ.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಮೊದಲು ವ್ಯವಸ್ಥೆಯ ಬಗ್ಗೆ ಒಂದೆರಡು ಮಾತು. ಅಮೆರಿಕದ ಎನ್‌ಎಫ್‌ಎಲ್ ಲೀಗ್, ಕಾಲೇಜು ತಂಡಗಳಿಂದ ಬರುವ ಆಟಗಾರರನ್ನು ಹರಾಜಿಗಿಡುವುದಿಲ್ಲ. ಸರದಿಯ ಮೇಲೆ ಹಂಚುತ್ತದೆ; ಇದೇ ಡ್ರಾಫ್ಟ್. ತಂಡಗಳು 32, ಸುತ್ತುಗಳು ಏಳು. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಗೆದ್ದ ತಂಡಕ್ಕೆ ಕೊನೆಯದು. ಹಣವಂತ, ಹೆಸರುವಾಸಿ ತಂಡಗಳೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳುತ್ತಿದ್ದುದನ್ನು ಕಂಡು ಬೇಸತ್ತ ಫಿಲಡೆಲ್ಫಿಯಾ ಈಗಲ್ಸ್ ಮಾಲೀಕ ಬರ್ಟ್ ಬೆಲ್ 1935ರಲ್ಲಿ ಈ ಸಲಹೆ ಮುಂದಿಟ್ಟರು. 1936ರ ಫೆಬ್ರುವರಿಯಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಅಂದು ಎಲ್ಲರಿಗಿಂತ ಮೊದಲು ಆಯ್ಕೆಯಾದ ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ವೃತ್ತಿಪರ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಲೆಕ್ಕ ತಲೆಕೆಳಗಾಗುವ ಸಂಪ್ರದಾಯ ಮೊದಲ ಹೆಸರಿನಿಂದಲೇ ಶುರುವಾಯಿತೆನ್ನಬೇಕು.

ನಮ್ಮಲ್ಲೂ ಇದರ ರುಚಿ ಒಮ್ಮೆ ಸಿಕ್ಕಿದ್ದುಂಟು. 2008ರ ಮೊದಲ ಐಪಿಎಲ್‌ಗೆ ಹಿರಿಯ ಆಟಗಾರರನ್ನು ಹರಾಜಿನಲ್ಲಿ ಕೊಂಡರೂ, 19 ವರ್ಷದೊಳಗಿನ ತಂಡದ ಹುಡುಗರನ್ನು ಡ್ರಾಫ್ಟ್ ಮೂಲಕವೇ ಹಂಚಲಾಯಿತು. ದೆಹಲಿ ತಂಡ ತನ್ನ ಊರಿನವರೇ ಆದ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ಕೊಹ್ಲಿ ಬೆಂಗಳೂರಿನ ಪಾಲಾದರು. ಸೆಹ್ವಾಗ್, ಗಂಭೀರ್ ಇದ್ದ ತಂಡಕ್ಕೆ ಮತ್ತೊಬ್ಬ ಬ್ಯಾಟರ್‌ಗಿಂತ ಬೌಲರ್ ಅಗತ್ಯವೆಂಬ ಆ ಯೋಚನೆಯನ್ನು ಇಂದು ಕಂಡು ನಗುವುದು ಸುಲಭ. ಅಂದು ಮೇಜಿನ ಮುಂದೆ ಕುಳಿತಿದ್ದವರಿಗೆ ಅದು ಅಸಂಬದ್ಧವಾಗಿ ತೋರಿರಲಾರದು.

ಇನ್ನು ಗ್ರೀನ್ ಬೇಯೇ ಏಕೆ ಎಂಬ ಪ್ರಶ್ನೆ. ವಿಸ್ಕಾನ್ಸಿನ್ ರಾಜ್ಯದ ಆ ಊರಿನ ಜನಸಂಖ್ಯೆ ಸುಮಾರು 1.07 ಲಕ್ಷ, 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ನಗರದ್ದು ಸುಮಾರು 1.18 ಲಕ್ಷ. ನಮಗಿಂತ ಚಿಕ್ಕದಾದ ಈ ಊರಿನಲ್ಲಿ 81,000ಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣವಿದೆ, 1919ರಿಂದ ತಂಡವಿದೆ, ಮತ್ತು ಆ ತಂಡಕ್ಕೆ ಒಡೆಯನೆಂಬ ಒಬ್ಬ ವ್ಯಕ್ತಿಯಿಲ್ಲ. ಐದು ಲಕ್ಷಕ್ಕೂ ಮಿಕ್ಕಿದ ಷೇರುದಾರರು ಅದರ ಮಾಲೀಕರು. ಲಾಭಾಂಶವಿಲ್ಲ, ಷೇರನ್ನು ಮಾರಿ ದುಡ್ಡು ಮಾಡುವಂತಿಲ್ಲ. ನಮ್ಮ ಕಡೆಯ ಹಾಲು ಉತ್ಪಾದಕರ ಸಂಘದ ಸದಸ್ಯರಿಗಾದರೂ ವರ್ಷಕ್ಕೊಮ್ಮೆ ಬೋನಸ್ ಬರುತ್ತದೆ, ಇವರಿಗೆ ಅದೂ ಇಲ್ಲ. 2025ರ ಡ್ರಾಫ್ಟ್ ಇದೇ ಊರಿನಲ್ಲಿ ನಡೆದಾಗ ಮೂರು ದಿನಗಳಲ್ಲಿ ಸುಮಾರು ಆರು ಲಕ್ಷ ಜನ ಸೇರಿದ್ದರೆಂದು ಲೀಗ್ ಪ್ರಕಟಿಸಿತು. ಅಲ್ಲಿ ಗುರುವಾರ ಸಂಜೆ ಏಳು ಗಂಟೆಗೆ ಮೊದಲ ಸುತ್ತು ಆರಂಭವಾದರೆ ನಮಗೆ ಶುಕ್ರವಾರ ಬೆಳಗಿನ ಐದೂವರೆ; ತೋಟಕ್ಕೆ ಹೋಗುವವರು ಹೇಗೂ ಎದ್ದಿರುವ ಹೊತ್ತು.

ನಮ್ಮ ಗುಂಪು ದೊಡ್ಡದೇನಲ್ಲ. ಕಾಫಿ ಕ್ಯೂರಿಂಗ್ ಘಟಕವೊಂದರ ಲೆಕ್ಕಿಗರು, ಒಬ್ಬರು ದೈಹಿಕ ಶಿಕ್ಷಣ ಶಿಕ್ಷಕರು, ಬೆಂಗಳೂರು ಬಿಟ್ಟು ಬಂದು ಮನೆಯಿಂದಲೇ ಕೆಲಸ ಮಾಡುವ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಮತ್ತು ನಾನು ರತ್ನಗಿರಿ ರಸ್ತೆಯ ಒಂದು ಮನೆಯಲ್ಲಿ ಸೇರುತ್ತೇವೆ. 2024ರ ಋತುವಿನಲ್ಲಿ ಪ್ಯಾಕರ್ಸ್ 11 ಪಂದ್ಯ ಗೆದ್ದು, ಆರು ಸೋತು, ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಫಿಲಡೆಲ್ಫಿಯಾ ಎದುರು 22–10ರಿಂದ ಹೊರಬಿದ್ದಿತ್ತು. ಸರದಿ ಸಿಕ್ಕಿದ್ದು 23ನೆಯದು. ಹೆಸರು ಬರೆಯುವ ಮುಂಚೆ ನಾವು ಕೊರತೆಗಳನ್ನು ಬರೆದೆವು. ಮೊದಲನೆಯದು ಕಾರ್ನರ್‌ಬ್ಯಾಕ್, ಅಂದರೆ ಎದುರಾಳಿಯ ಚೆಂಡು ಹಿಡಿಯುವವರನ್ನು ನೆರಳಿನಂತೆ ಹಿಂಬಾಲಿಸಿ ತಡೆಯುವ ಸ್ಥಾನ. ಅಲ್ಲಿದ್ದ ಜೇರ್ ಅಲೆಕ್ಸಾಂಡರ್ ಪ್ರತಿಭಾವಂತರೇ. ಆದರೆ ಹೆಚ್ಚಾಗಿ ಗಾಯಗಳಿಂದಾಗಿ 2023 ಮತ್ತು 2024ರ ಎರಡೂ ಋತುಗಳಲ್ಲಿ 17 ಪಂದ್ಯಗಳ ಪೈಕಿ ಏಳೇಳರಲ್ಲಷ್ಟೇ ಆಡಿದ್ದರು, ಅವರ ಸಂಬಳವೋ ಆಕಾಶ ಮುಟ್ಟಿತ್ತು. ಎರಡನೆಯದು ಎಡ್ಜ್ ರಷರ್, ಅಂದರೆ ಅಂಚಿನಿಂದ ನುಗ್ಗಿ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವವರು. ಎಸೆದ ಚೆಂಡನ್ನು ಓಡಿ ಹಿಡಿಯುವ ವೈಡ್ ರಿಸೀವರ್ ಸ್ಥಾನವನ್ನು ಮೂರನೆಯದಾಗಿ ಬರೆದೆವು. ಕ್ರಿಸ್ಟಿಯನ್ ವಾಟ್ಸನ್ ಋತುವಿನ ಕೊನೆಯ ಲೀಗ್ ಪಂದ್ಯದಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಮಲಗಿದ್ದರು.

ನಿಜವಾದ ಜಗಳ ಹತ್ತಿದ್ದು 23ನೇ ಸರದಿಗೆ. ಕೆಂಟಕಿ ವಿಶ್ವವಿದ್ಯಾಲಯದ ಕಾರ್ನರ್‌ಬ್ಯಾಕ್ ಮ್ಯಾಕ್ಸ್‌ವೆಲ್ ಹೇರ್‌ಸ್ಟನ್ ಬೇಕೋ, ಟೆಕ್ಸಾಸ್ ವಿಶ್ವವಿದ್ಯಾಲಯದ ವೈಡ್ ರಿಸೀವರ್ ಮ್ಯಾಥ್ಯೂ ಗೋಲ್ಡನ್ ಬೇಕೋ? ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ದೈಹಿಕ ಪರೀಕ್ಷೆಯಲ್ಲಿ, 40 ಗಜದ ಓಟವನ್ನು ಹೇರ್‌ಸ್ಟನ್ 4.28 ಸೆಕೆಂಡುಗಳಲ್ಲಿ, ಗೋಲ್ಡನ್ 4.29 ಸೆಕೆಂಡುಗಳಲ್ಲಿ ಓಡಿದ್ದರು. ಎಂಜಿನಿಯರ್ ಮಹಾಶಯರು ಈ ಅಂಕಿಯನ್ನೇ ಹಿಡಿದು ಹೇರ್‌ಸ್ಟನ್ ಪರ ವಾದಿಸಿದಾಗ ದೈಹಿಕ ಶಿಕ್ಷಕರು ಒಪ್ಪಲಿಲ್ಲ. ಮರುದಿನ ಸಂಜೆ ಜಿಲ್ಲಾ ಆಟದ ಮೈದಾನದಲ್ಲಿ ಸುಣ್ಣದ ಪುಡಿಯಿಂದ 36 ಮೀಟರು ಚಿಲ್ಲರೆಯ ಗೆರೆ ಎಳೆದು, ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗವೆಂದರೆ ಎಷ್ಟು ದೂರವೆಂದು ಬೆರಳಿನಲ್ಲಿ ಅಳೆದು ತೋರಿಸಿದರು: ಅರ್ಧ ಗೇಣು. ಅಲ್ಲಿಗೆ ಓಟದ ಮಾತು ನಿಂತಿತು. ಉಳಿದದ್ದು ಆಟದ ಮಾತು. ಹೇರ್‌ಸ್ಟನ್ 2023ರಲ್ಲಿ ಐದು ಬಾರಿ ಎದುರಾಳಿಯ ಚೆಂಡನ್ನು ಗಾಳಿಯಲ್ಲೇ ಕಸಿದಿದ್ದರೂ 2024ರಲ್ಲಿ ಭುಜದ ಗಾಯಕ್ಕೆ ಸಿಲುಕಿದ್ದರು; ಗೋಲ್ಡನ್ 2024ರಲ್ಲಿ ಚೆಂಡು ಹಿಡಿದು ಒಟ್ಟು 987 ಗಜ ಗಳಿಸಿದ್ದರು. ಸಾಮರ್ಥ್ಯದ ತಕ್ಕಡಿಯಲ್ಲಿ ಗೋಲ್ಡನ್ ತುಸು ತೂಕವೆಂದು ನಾವೆಲ್ಲರೂ ಒಪ್ಪಿದೆವು, ಆದರೂ ಅಲೆಕ್ಸಾಂಡರ್ ಉಳಿಯುವುದಿಲ್ಲ ಎಂಬ ನಮ್ಮ ಎಣಿಕೆಯಿಂದ ಹೇರ್‌ಸ್ಟನ್ ಹೆಸರು ಬರೆದೆವು. ಎರಡನೇ ಸುತ್ತಿನ 54ನೇ ಸರದಿಗೆ ಎಡ್ಜ್ ಸ್ಥಾನಕ್ಕೆ ಟೆಕ್ಸಾಸ್ ಎ ಅಂಡ್ ಎಂನ ನಿಕ್ ಸ್ಕೋರ್ಟನ್ ಅವರನ್ನು ಬರೆದೆವು.

ಆದದ್ದೇನು? ಪ್ಯಾಕರ್ಸ್ ಗೋಲ್ಡನ್ ಅವರನ್ನು ಆರಿಸಿತು. ಹೇರ್‌ಸ್ಟನ್ 30ನೆಯವರಾಗಿ ಬಫಲೊ ತಂಡಕ್ಕೆ ಹೋದರು. ಸ್ಕೋರ್ಟನ್ ಅವರನ್ನು 51ರಲ್ಲೇ ಕ್ಯಾರೊಲಿನಾ ಎತ್ತಿಕೊಂಡಿತು, ಪ್ಯಾಕರ್ಸ್ 54ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಭಾರಿ ಆಳು ಆ್ಯಂಥನಿ ಬೆಲ್ಟನ್ ಅವರನ್ನು ತಡೆಗೋಡೆಯ ಸಾಲಿಗೆ ತಂದಿತು. ನಿಮ್ಮ ಲೇಖಕರ ಎಣಿಕೆ ಇಲ್ಲಿಗೆ ಮುಗಿಯುತ್ತದೆ. ಕಥೆ ಮುಗಿದಿರಲಿಲ್ಲ. ಜೂನ್‌ನಲ್ಲಿ ಪ್ಯಾಕರ್ಸ್ ಅಲೆಕ್ಸಾಂಡರ್ ಅವರನ್ನು ಬಿಡುಗಡೆ ಮಾಡಿತು. ಆಗಸ್ಟ್ ಕೊನೆಯಲ್ಲಿ ಡಲ್ಲಾಸ್ ತಂಡದಿಂದ ಎಡ್ಜ್ ರಷರ್ ಮೈಕಾ ಪಾರ್ಸನ್ಸ್ ಅವರನ್ನು ತರಲು 2026 ಮತ್ತು 2027ರ ಎರಡು ಮೊದಲ ಸುತ್ತಿನ ಸರದಿಗಳನ್ನೂ, 2016ರಲ್ಲಿ ತಾನೇ ಮೊದಲ ಸುತ್ತಿನಲ್ಲಿ ಆರಿಸಿ ಬೆಳೆಸಿದ್ದ, ರಕ್ಷಣಾ ಸಾಲಿನ ನಡುವೆ ನಿಲ್ಲುವ ಡಿಫೆನ್ಸಿವ್ ಟ್ಯಾಕಲ್ ಕೆನ್ನಿ ಕ್ಲಾರ್ಕ್ ಅವರನ್ನೂ ಕೊಟ್ಟಿತು. ಅದುವರೆಗೆ ಆಡಿದ ನಾಲ್ಕೂ ಋತುಗಳಲ್ಲಿ ತಲಾ 12 ಬಾರಿಗೆ ಕಡಿಮೆಯಿಲ್ಲದಂತೆ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವಿದ ಪಾರ್ಸನ್ಸ್ ಅಷ್ಟು ಬೆಲೆ ಬಾಳುತ್ತಾರೆಯೇ ಎಂಬ ಚರ್ಚೆ ಬೇರೆ. ಆದರೆ ಅಂಚಿನಿಂದ ನುಗ್ಗುವವರು ತಂಡಕ್ಕೆ ಸಾಲದು ಎಂದು ರತ್ನಗಿರಿ ರಸ್ತೆಯಲ್ಲಿ ಬರೆದ ಕೊರತೆಯನ್ನೇ ಅಲ್ಲಿನ ಆಡಳಿತ ಇಷ್ಟು ದೊಡ್ಡ ಬೆಲೆ ತೆತ್ತು ಒಪ್ಪಿಕೊಂಡಂತಾಯಿತಲ್ಲವೇ? ಹೆಸರುಗಳನ್ನು ಮಾತ್ರ ಎಣಿಸುವವರಿಗೆ ಇದು ಕಾಣಿಸುವುದಿಲ್ಲ.

ನಮ್ಮ ಎದುರು ಪಕ್ಷಕ್ಕೂ ಬಲವಾದ ವಾದವಿದೆ, ಅದನ್ನು ಮರೆಮಾಚಲಾರೆ. ಕೊರತೆಯನ್ನು ನೋಡಬೇಡಿ, ಉಳಿದವರಲ್ಲಿ ಯಾರು ಎಲ್ಲರಿಗಿಂತ ಉತ್ತಮರೋ ಅವರನ್ನೇ ಆರಿಸಿ ಎಂಬುದು ಗ್ರೀನ್ ಬೇಯ ಹಳೆಯ ನೀತಿ. 2005ರಲ್ಲಿ ಬ್ರೆಟ್ ಫಾರ್ವ್ ಎಂಬ ದಿಗ್ಗಜ ಕ್ವಾರ್ಟರ್‌ಬ್ಯಾಕ್ ಇನ್ನೂ ಆಡುತ್ತಿರುವಾಗಲೇ 24ನೇ ಸರದಿಯಲ್ಲಿ ಆ್ಯರನ್ ರಾಜರ್ಸ್ ಅವರನ್ನು ತಂದರು; ಮೂರು ವರ್ಷ ಬೆಂಚಿನಲ್ಲಿ ಕೂತ ರಾಜರ್ಸ್ ಮುಂದೆ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟರು. 2020ರಲ್ಲಿ ಅದೇ ರಾಜರ್ಸ್ ಇರುವಾಗ 30ರಿಂದ 26ಕ್ಕೆ ಏರಿ ಜೋರ್ಡನ್ ಲವ್ ಅವರನ್ನು ಆರಿಸಿದಾಗ ಅಭಿಮಾನಿಗಳು ಕೆಂಡಕಾರಿದರು. ರಾಜರ್ಸ್ ಆ ವರ್ಷವೂ ಮರುವರ್ಷವೂ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. 2023ರಲ್ಲಿ ಅವರು ತಂಡ ಬಿಟ್ಟಾಗ ಲವ್ ಸಿದ್ಧರಿದ್ದರು. ಅಭಿಮಾನಿಗಳ ಸಿಟ್ಟಿಗೂ ಕಾರಣವಿತ್ತೆನ್ನಿ: 2002ರ ಜವಾನ್ ವಾಕರ್ ನಂತರ 2025ರ ಗೋಲ್ಡನ್‌ವರೆಗೆ ಈ ತಂಡ ಮೊದಲ ಸುತ್ತಿನಲ್ಲಿ ಒಬ್ಬ ವೈಡ್ ರಿಸೀವರ್‌ನನ್ನೂ ಆರಿಸಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಈ ನೀತಿ ಸರಿ, ಏಕೆಂದರೆ ಆ ಸ್ಥಾನಕ್ಕೆ ಬೇಕೆಂದಾಗ ಯಾರೂ ಸಿಗುವುದಿಲ್ಲ. ಉಳಿದ ಸ್ಥಾನಗಳಿಗೆ ಕೊರತೆಯನ್ನು ನೋಡದೆ ಆರಿಸುವುದು, ಇಂಥದ್ದೇ ಆಗಸ್ಟ್‌ನಲ್ಲಿ ಎರಡು ಮೊದಲ ಸುತ್ತುಗಳನ್ನು ಧಾರೆ ಎರೆಯುವಂತೆ ಮಾಡುತ್ತದೆ.

ಹೆಸರು ತಪ್ಪುವುದು ಹವ್ಯಾಸಿಗಳ ಗುತ್ತಿಗೆಯೂ ಅಲ್ಲ. ವೃತ್ತಿಪರ ವಿಶ್ಲೇಷಕರಲ್ಲಿ ಅನೇಕರು 2025ರ ಮೊದಲ ಸುತ್ತಿಗೇ ಸೇರಿಸಿದ್ದ ಕ್ವಾರ್ಟರ್‌ಬ್ಯಾಕ್ ಶೆಡ್ಯೂರ್ ಸ್ಯಾಂಡರ್ಸ್ ಐದನೇ ಸುತ್ತಿನಲ್ಲಿ, 144ನೆಯವರಾಗಿ ಆಯ್ಕೆಯಾದರು. 2000ದಲ್ಲಿ 198 ಆಯ್ಕೆಗಳು ಮುಗಿಯುವವರೆಗೆ ಟಾಮ್ ಬ್ರೇಡಿಯನ್ನು ಯಾವ ತಂಡವೂ ಕರೆಯಲಿಲ್ಲ. ಅವರು ಗೆದ್ದ ಸೂಪರ್ ಬೌಲ್‌ಗಳು ಏಳು. ಸಾವಿರಾರು ಗಂಟೆ ವಿಡಿಯೊ ನೋಡಿ, ಆಟಗಾರರನ್ನು ಕರೆಸಿ ಮಾತಾಡಿಸಿ, ವೈದ್ಯಕೀಯ ವರದಿ ಓದಿದವರ ಗತಿಯೇ ಹೀಗಿರುವಾಗ ನಮ್ಮ ಪಟ್ಟಿಗೆ ಗಿಳಿಶಾಸ್ತ್ರದ ಹಣೆಪಟ್ಟಿ ಅಂಟಿಸುವುದಾದರೆ ಅವರಿಗೂ ಒಂದು ಅಂಟಿಸಬೇಕಾಗುತ್ತದೆ. ಮೇಲಾಗಿ ತಂಡಗಳು ಕೊನೆಯ ಗಳಿಗೆಯಲ್ಲಿ ಸರದಿಗಳನ್ನೇ ಬದಲಾಯಿಸಿಕೊಳ್ಳುತ್ತವೆ. 2025ರಲ್ಲಿ ಐದನೆಯದಾಗಿದ್ದ ಜಾಕ್ಸನ್‌ವಿಲ್ ತಂಡ ಕ್ಲೀವ್‌ಲ್ಯಾಂಡ್ ಜೊತೆ ವ್ಯವಹಾರ ಕುದುರಿಸಿ ಎರಡನೆಯದಕ್ಕೆ ಏರಿ ಟ್ರಾವಿಸ್ ಹಂಟರ್ ಅವರನ್ನು ಪಡೆದ ಕ್ಷಣದಲ್ಲಿ ಸಾವಿರಾರು ಅಂದಾಜು ಪಟ್ಟಿಗಳು ಮೂರನೇ ಸಾಲಿಗೆ ಬರುವ ಮುಂಚೆಯೇ ಹರಿದುಹೋದವು.

ನಿಮ್ಮ ಕ್ರೀಡಾ ಪುಟದ ಬಗ್ಗೆಯೂ ಒಂದು ಮಾತು ಹೇಳಬೇಕು, ಮುನಿಸಿಲ್ಲದೆ. ಪ್ರತಿ ಐಪಿಎಲ್ ಹರಾಜಿಗೆ ಮುನ್ನ ಆರ್‌ಸಿಬಿಗೆ ಯಾರು ಬರಬಹುದೆಂದು ಹೆಸರುಗಳ ಪಟ್ಟಿ ಅಚ್ಚಾಗುತ್ತದೆ. ಆ ಹೆಸರು ಏಕೆ, ಯಾರ ಜಾಗಕ್ಕೆ, ಕೈಯಲ್ಲಿ ಉಳಿದಿರುವ ಹಣಕ್ಕೆ ಅದು ಹೊಂದುತ್ತದೆಯೇ ಎಂಬ ವಿವರ ಅಪರೂಪ. ಹರಾಜಾದ ಮರುದಿನ ಎಷ್ಟು ಹೆಸರು ಸರಿಯಾದವೆಂದು ಯಾರೂ ಕೇಳುವುದಿಲ್ಲ, ನಾವೂ ಕೇಳಿಲ್ಲ. ಅದೇ ಉದಾರತೆಯನ್ನು ನಮಗೂ ತೋರಿಸಿ ಎಂದು ಬೇಡುತ್ತಿಲ್ಲ. ಎರಡನ್ನೂ ಕಾರಣಗಳ ಮೇಲೆ ಪರೀಕ್ಷಿಸಿ ಎಂದಷ್ಟೇ ಕೋರಿಕೆ.

2026ರ ಡ್ರಾಫ್ಟ್ ಏಪ್ರಿಲ್ ಕೊನೆಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ. ಮೊದಲ ಸುತ್ತಿನ ಸರದಿ ಡಲ್ಲಾಸ್ ಪಾಲಾಗಿರುವುದರಿಂದ ಗ್ರೀನ್ ಬೇ ಅಭಿಮಾನಿಯ ಪಟ್ಟಿ ಎರಡನೇ ಸುತ್ತಿನಿಂದಲೇ ಆರಂಭವಾಗಬೇಕು. ಒಳ್ಳೆಯವರೆಂದು ಎಲ್ಲರೂ ಬಲ್ಲ 32 ಜನ ಮೊದಲೇ ಮಾಯವಾಗಿರುತ್ತಾರೆ, ಉಳಿದವರಲ್ಲಿ ಹುಡುಕುವುದು ಹೆಚ್ಚು ಕಷ್ಟ, ಹಾಗಾಗಿ ಹೆಚ್ಚು ಸ್ವಾರಸ್ಯ. ಕ್ಲಾರ್ಕ್ ಬಿಟ್ಟುಹೋದ ನಡುಸಾಲಿನ ಜಾಗಕ್ಕೆ ಒಬ್ಬರು, ಕಾರ್ನರ್‌ಬ್ಯಾಕ್ ಇನ್ನೊಬ್ಬರು ಎಂದು ನಾವು ಈಗಾಗಲೇ ಬರೆದಿಟ್ಟಿದ್ದೇವೆ. ಹೆಸರುಗಳನ್ನು ಬರೆದಿಲ್ಲ, ಏಕೆಂದರೆ ಕಾಲೇಜಿನಲ್ಲಿ ಇನ್ನೂ ಅವಧಿ ಉಳಿದಿರುವ ಆಟಗಾರರಲ್ಲಿ ಯಾರು ಡ್ರಾಫ್ಟ್‌ಗೆ ಬರುತ್ತಾರೆಂಬುದು ಜನವರಿಯಲ್ಲಿ ತಿಳಿಯುತ್ತದೆ. ಪಟ್ಟಿ ಪೂರ್ಣವಾದ ಮೇಲೆ ನಿಮ್ಮ ಕಚೇರಿಗೂ ಒಂದು ಪ್ರತಿ ಕಳುಹಿಸುತ್ತೇವೆ. ಪ್ರಕಟಿಸುವ ಮನಸ್ಸಾಗಿ ಜಾಗ ಸಾಲದೆ ಬಂದರೆ ಹೆಸರುಗಳನ್ನು ಕತ್ತರಿಸಿ, ಕಾರಣಗಳನ್ನು ಹಾಗೆಯೇ ಬಿಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಚಿಕ್ಕಮಗಳೂರು