3ನೇ ನಂಬರಿನ ಜೆರ್ಸಿ ಮಡಚಿಟ್ಟೆ, ಎಲ್ಲರಿಗೂ ಥ್ಯಾಂಕ್ಸ್

ಇನ್ನು ಸ್ಕ್ರಮ್, ಅಂದರೆ ರಗ್ಬಿಯ ತಳ್ಳಾಟ, ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ರಗ್ಬಿ ನಿಲ್ಲಿಸುತ್ತಿದ್ದೇನೆ. ಆಟದಲ್ಲಿ ಪೆಟ್ಟಾದ ಕತ್ತಿನ ನೋವು ಈಗ ತುಂಬ ಕಮ್ಮಿ, ಬಲಗೈ ಬೆರಳಿನ ಜೋಮೂ ಹೋಗಿದೆ. ಫೋನ್ ಮಾಡಿದ ಎಲ್ಲರ ಜೊತೆ ಮಾತಾಡಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದುಬೈಗೆ ಗೋದಾಮಿನ ಕೆಲಸಕ್ಕೆ ಹೋದವನು ಇದೇನು ಆಟ ಹಿಡಿದೆ ಅಂತ ಊರಲ್ಲಿ ಕೇಳುತ್ತಿದ್ದಿರಲ್ವಾ? ನಾನು ಪ್ರಾಪ್, ಅಂದರೆ ಸ್ಕ್ರಮ್ಮಿನ ಮುಂದಿನ ಸಾಲಿನ ತುದಿಯಲ್ಲಿ ನಿಂತು ತಳ್ಳುವವನು. ಬಲಬದಿಯವನು, ಅದಕ್ಕೆ ಟೈಟ್‌ಹೆಡ್ ಅನ್ನುತ್ತಾರೆ, 3ನೇ ನಂಬರ್. ಸ್ಕ್ರಮ್ಮಿನಲ್ಲಿ ಎರಡೂ ಕಡೆಯ ಎಂಟೆಂಟು ಜನ ಬಗ್ಗಿ ಹೆಗಲು ಕೊಟ್ಟು ತಳ್ಳುತ್ತಾರೆ. ಎಡಬದಿಯ ಪ್ರಾಪ್ ಆದ 1ನೇ ನಂಬರಿನವನ ಒಂದು ಹೆಗಲು ಹೊರಗಡೆ ಇರುತ್ತದೆ, 3ನೇ ನಂಬರಿನವನ ತಲೆ ಮಾತ್ರ ಎದುರಿನ ಇಬ್ಬರ ನಡುವೆ ಸಿಕ್ಕಿರುತ್ತದೆ. ಮುಂದಿನಿಂದ ಇಬ್ಬರ ಭಾರ, ಹಿಂದಿನಿಂದ ನಮ್ಮವರದ್ದೇ ಭಾರ. ಚೆಂಡು ಕೈಗೆ ಬರುವುದೇ ಅಪರೂಪ. 2019ರ ರಗ್ಬಿ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಇಂಗ್ಲೆಂಡನ್ನು 32-12ರಿಂದ ಸೋಲಿಸಿದಾಗ ತೆಂಡಾಯಿ ಮ್ತಾವರಿರಾ ಅನ್ನುವ ಪ್ರಾಪ್ ಸ್ಕ್ರಮ್ಮಿನಲ್ಲೇ ಪೆನಾಲ್ಟಿ ಮೇಲೆ ಪೆನಾಲ್ಟಿ ಗೆದ್ದುಕೊಟ್ಟರು. ಅದು ಅವರ 117ನೇ ಟೆಸ್ಟ್ (ದೇಶದ ಪರ ಆಡಿದ ಪಂದ್ಯ), ಕೊನೆಯದ್ದೂ ಹೌದು. ಅವರು ಸಂಬಳಕ್ಕೆ ಆಡಿದವರು, ನಾನು ರಜೆಯ ದಿನ ಆಡಿದವನು. ಆದರೂ ಆ ದಿನ ನನ್ನ ಕೆಲಸಕ್ಕೇ ಮರ್ಯಾದೆ ಸಿಕ್ಕಿದ ಹಾಗೆ ಕಣ್ಣು ತುಂಬಿತ್ತು.

ಮೊದಲ ಥ್ಯಾಂಕ್ಸ್ ಎದುರು ತಂಡದ 1ನೇ ನಂಬರಿನವನಿಗೆ. ಆರು ವರ್ಷ ಅವನನ್ನು ತಳ್ಳಿದ್ದೇನೆ, ಒಮ್ಮೆಯೂ ಸರಿಯಾಗಿ ಮಾತಾಡಿರಲಿಲ್ಲ. ರೆಫ್ರಿ 'ಬೈಂಡ್' ಅಂದಾಗ ಪ್ರಾಪ್‌ಗಳು ಎದುರಿನವನ ಜೆರ್ಸಿ ಹಿಡಿಯಬೇಕು, ಆಮೇಲೆಯೇ 'ಸೆಟ್', ಅಂದರೆ ಎರಡೂ ಕಡೆಯವರು ಡಿಕ್ಕಿ ಕೊಟ್ಟು ಕೂಡುವುದು. ಡಿಕ್ಕಿಯ ಜೋರು ಕಮ್ಮಿಯಾಗಲಿ ಅಂತ 2013ರಲ್ಲಿ ತಂದ ಕ್ರಮ ಇದು. ಪೆಟ್ಟಾದ ದಿನ ನನ್ನ ಕಾಲು ಜಾರಿತು, ತಲೆ ಅಡಿಗೆ ಹೋಯಿತು, ಬೆನ್ನ ಮೇಲೆ ಜನ. 'ನೆಕ್' ಅಂತ ಕೂಗಿದೆ. ಅವನು ತಳ್ಳುವುದನ್ನು ನಿಲ್ಲಿಸಿದ, ಆದರೆ ನನ್ನ ಜೆರ್ಸಿ ಹಿಡಿದಿದ್ದ ಎಡಗೈ ಬಿಡಲಿಲ್ಲ, ನನ್ನನ್ನು ಹಾಗೇ ಎತ್ತಿ ಹಿಡಿದುಕೊಂಡು ತನ್ನವರಿಗೆ ನಿಲ್ಲಿಸಿ ನಿಲ್ಲಿಸಿ ಅಂತ ಬೊಬ್ಬೆ ಹೊಡೆದ. ಫಿಸಿಯೋ ಓಡಿ ಬರುವವರೆಗೆ ಮೊಣಕಾಲೂರಿ ಕೂತು ನನ್ನ ತಲೆ ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ. ನಾನು ಇವತ್ತು ನಡೆಯುತ್ತಿರುವುದು ಅವನಿಂದ.

ಮೊದಲು ತೋರಿಸಿದ ಕಡೆ ಬರೀ ಉಳುಕು ಅಂದರು. ನಂಬಬೇಡ, ಸ್ಕ್ಯಾನ್ ಮಾಡಿಸು ಅಂತ ಹಟ ಹಿಡಿದ ಫಿಸಿಯೋಗೆ ಥ್ಯಾಂಕ್ಸ್. ಡಿಸ್ಕ್ ಜಾರಿ ನರ ಒತ್ತುತ್ತಿದೆ ಅಂತ ಆಮೇಲೆ ಗೊತ್ತಾಯಿತು. ರೂಮಿನ ಮಲಯಾಳಿ ಗೆಳೆಯರು ಎರಡು ವಾರ ಗಂಜಿ ಮಾಡಿ ಕುಡಿಸಿದರು, ಬಟ್ಟೆ ಒಗೆದರು. ಊರಿಗೆ ಬಂದ ಮೇಲೆ ಭಾವ ವಾರಕ್ಕೆ ಮೂರು ದಿನ ಅಡಿಕೆ ಕೆಲಸ ಬಿಟ್ಟು ನನ್ನನ್ನು ಬದಿಯಡ್ಕದಿಂದ ತಲಪಾಡಿ ದಾಟಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. ಗುಂಡಿ ಬಂದಾಗಲೆಲ್ಲ ಕಾರು ಎಷ್ಟು ನಿಧಾನ ಮಾಡುತ್ತಿದ್ದರು ಅಂದರೆ, ಹಿಂದಿನವರ ಹಾರನ್ ಒಂದೂ ಅವರಿಗೆ ಕೇಳಿಸುತ್ತಿರಲಿಲ್ಲ.

ನಮ್ಮೂರ ಹಗ್ಗಜಗ್ಗಾಟದ ಅಣ್ಣಂದಿರೇ, ನಿಮ್ಮನ್ನು ಮರೆತಿಲ್ಲ. ಸೊಂಟ ತಗ್ಗಿಸು, ಬೆನ್ನು ನೇರ ಇಡು, ಎಲ್ಲರೂ ಒಟ್ಟಿಗೆ ಉಸಿರು ಬಿಡಿ ಅಂತ ಕೊಯ್ಲು ಮುಗಿದ ಗದ್ದೆಯಲ್ಲಿ ನೀವು ಕಲಿಸಿದ್ದನ್ನೇ ನಾನು ಅಲ್ಲಿ ಹಿಂದುಮುಂದು ಮಾಡಿ ಆಡಿದ್ದು. ಕನ್ನಡ ಶಾಲೆಯ ಪಿ.ಟಿ. ಮಾಷ್ಟ್ರೇ, ದಪ್ಪ ಹುಡುಗ ಅಂತ ನನ್ನನ್ನು ಬದಿಗೆ ಕೂರಿಸದೆ ಹಗ್ಗದ ಕೊನೆಗೆ ನಿಲ್ಲಿಸಿದ್ದು ನೀವು.

ದೀಪಾವಳಿ ಕಳೆದ ಮೇಲೆ ದುಬೈಗೆ ಹೊರಡುತ್ತೇನೆ, ಹಳೇ ಕೆಲಸಕ್ಕೇ. ಆ 1ನೇ ನಂಬರಿನವನಿಗೆ ಕೊಡಲು ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ.